ಡಾರ್ಟ್‌ಮುಂಡ್‌ನಲ್ಲಿ ಕಾಸಿದ ಕಾಚಂಪುಳಿ

ಕಾಚಂಪುಳಿ ಅಂದರೆ ಕೊಡಗಿನಲ್ಲಿ ನಾವು ಪಂದಿಕರಿಗೆ, ಅಂದರೆ ಹಂದಿ ಕರಿಗೆ, ಹಾಕುವ ಕಪ್ಪು ಗಟ್ಟಿ ಹುಳಿ. ಒಣ ಸಿಪ್ಪೆಯಿಂದ ಅದು ಆಗುವುದಿಲ್ಲ ಅಂತ ಊರಲ್ಲೂ ಹೇಳಿದರು, ಜರ್ಮನಿಯಲ್ಲಿರುವ ನಮ್ಮ ಕಡೆಯವರೂ ಹೇಳಿದರು. ಪಣಂಪುಳಿ ಮರದ ಮಾಗಿದ ಹಣ್ಣನ್ನು ಬುಟ್ಟಿಗೆ ಹಾಕಿ, ತೊಟ್ಟಿಕ್ಕಿದ ರಸ ಕಾಸಿದರೆ ಮಾತ್ರ ಕಾಚಂಪುಳಿ, ಮಿಕ್ಕಿದ್ದೆಲ್ಲ ಬರೀ ಹುಳಿನೀರು ಅಂತ ಅವರ ವಾದ. ಆದರೂ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿದ್ದ ನನ್ನ ಮನೆಯಲ್ಲಿ ಆಯಿತು. ಚೆನ್ನಾಗಿಯೇ ಆಯಿತು. ಹೊರದೇಶದಲ್ಲಿದ್ದು ಪಂದಿಕರಿ ಮಾಡುವ ಕೊಡಗಿನವರು ಬೇಕಾದಷ್ಟು ಜನ ಇದ್ದೀರಿ, ನಿಮಗಾಗಿ ಬರೆಯುತ್ತಿದ್ದೇನೆ. ಕರಿ ಮಾಡುವುದು ಹೇಗೆ ಅಂತ ಹೇಳಲು ಹೋಗುವುದಿಲ್ಲ, ಅದು ನಿಮಗೆ ಗೊತ್ತು.

ಊರಿಂದ ಬಾಟಲಿ ತರಬಹುದಲ್ವಾ ಅಂತ ಕೇಳುತ್ತಾರೆ. ತರುತ್ತಿದ್ದೆ. ಒಂದು ಸಲ ಸೂಟ್‌ಕೇಸ್ ಒಳಗೇ ಬಾಟಲಿ ಒಡೆದು, ಚಳಿಗಾಲದ ಕೋಟು, ಎರಡು ಶರ್ಟು, ಅಮ್ಮ ಕೊಟ್ಟ ಮೆಣಸಿನ ಪುಡಿ ಎಲ್ಲ ಹೋಯಿತು. ಕೋಟೇ 150 ಯೂರೋ ಇರಬೇಕು. ಒಡೆಯದಿದ್ದರೂ ಒಂದು ಬಾಟಲಿ ಎಷ್ಟು ದಿನ ಬರುತ್ತದೆ? ಪಂದಿಕರಿ ಇದೆ ಅಂದರೆ ಬಾನ್‌ನಿಂದ, ಕಲೋನ್‌ನಿಂದ ಎಲ್ಲ ಜನ ರೈಲು ಹತ್ತಿ ಬರುತ್ತಾರೆ.

ಅಲ್ಲೇ ಸಿಗುವುದರಲ್ಲಿ ಮಾಡೋಣ ಅಂತ ಶುರು ಮಾಡಿದೆ. ಟರ್ಕಿಯವರ ಅಂಗಡಿಯ ದಾಳಿಂಬೆ ಸಿರಪ್ ಬಣ್ಣದಲ್ಲಿ ಥೇಟ್ ಕಾಚಂಪುಳಿಯೇ, ಆದರೆ ಸಿಹಿ. ಇಟಲಿಯ ಕಪ್ಪು ವಿನೆಗರ್ ಇನ್ನೂ ಸಿಹಿ, ಬೆಲೆಯೂ ಜಾಸ್ತಿ. ಸಾದಾ ವಿನೆಗರ್ ಮೂಗಿಗೆ ಹೊಡೆಯುತ್ತದೆ. ಹುಣಸೆ ಹಾಕಿದರೆ ಅದು ಪಂದಿಕರಿಯೇ ಅಲ್ಲ. ವಸಂತದಲ್ಲಿ ರುಬಾರ್ಬ್ ಬರುತ್ತದೆ, ಕೆಂಪು ದಂಟು, ಜೂನ್ 24ರ ತನಕ ಕೀಳುವುದು ಅಲ್ಲಿಯ ಪದ್ಧತಿ. ಅದರ ಹುಳಿ ಒಳ್ಳೆಯದು. ಆದರೆ ಕರಿ ಬೂದು ಬಣ್ಣಕ್ಕೆ ತಿರುಗಿತು, ಮಾಂಸಕ್ಕೆ ಹುಳಿ ಹಿಡಿಯಲೇ ಇಲ್ಲ. ಇಷ್ಟಕ್ಕೇ ನೂರು ಯೂರೋ ಮೇಲೆ ಖರ್ಚಾಗಿರಬೇಕು, ಹಂದಿಮಾಂಸದ ಲೆಕ್ಕ ಬೇರೆ.

ದಾರಿ ಸಿಕ್ಕಿದ್ದು ಹಮ್ ಊರಿನಲ್ಲಿ. ಡಾರ್ಟ್‌ಮುಂಡ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ಆಗಬಹುದು. ಅಲ್ಲಿ ಕಾಮಾಕ್ಷಿ ಅಮ್ಮನ ದೊಡ್ಡ ದೇವಸ್ಥಾನ ಇದೆ, ಗೋಪುರ ಸಮೇತ. 2002ರಲ್ಲಿ ಕುಂಭಾಭಿಷೇಕ ಆಗಿದ್ದು. 1983ರ ಗಲಭೆಯ ನಂತರ ಜರ್ಮನಿಗೆ ಬಂದು ನೆಲೆಸಿದ ಶ್ರೀಲಂಕಾ ತಮಿಳರು ಅದನ್ನು ನಡೆಸುತ್ತಾರೆ. ಬೇಸಿಗೆಯ ತೇರಿಗೆ ಸಾವಿರಾರು ಜನ ಸೇರುತ್ತಾರೆ, ಅಂಗಡಿಗಳು ಸಾಲಾಗಿ ಬರುತ್ತವೆ. ಒಂದು ಅಂಗಡಿಯಲ್ಲಿ ಮೀನು ಮಸಾಲೆ ಪಕ್ಕದಲ್ಲಿ ಕಪ್ಪಗೆ ಸುರುಟಿದ ಸಿಪ್ಪೆಯ ಪ್ಯಾಕೆಟ್ ಇತ್ತು. ಗೊರಕ. ಮೂಸಿದ ಕೂಡಲೇ ಗೊತ್ತಾಯಿತು, ಇದು ನಮ್ಮ ಪಣಂಪುಳಿಯೇ. ಅದೇ ಮರ, ಇಲ್ಲವೇ ಅದರ ಹತ್ತಿರದ ಬಳಗದ್ದು. ಪಣಂಪುಳಿಗೆ ಉತ್ತರ ಕನ್ನಡದಲ್ಲಿ ಉಪ್ಪಾಗೆ ಅನ್ನುತ್ತಾರೆ, ಕೇರಳದವರು ಕೊಡಂಪುಳಿ ಅಂತ ಮೀನಿಗೆ ಹಾಕುತ್ತಾರೆ.

ಅಂಗಡಿಯ ಅಕ್ಕನ ಹತ್ತಿರ ನನಗೆ ಬರುವ ತಮಿಳಿನಲ್ಲಿ ಮಾತಾಡಿದೆ. ಚಿಕ್ಕಂದಿನಲ್ಲಿ ತೋಟದ ಕೆಲಸದವರ ಲೈನ್ ಮನೆಗಳ ಹತ್ತಿರ ಆಡುತ್ತಾ ಕಲಿತ ತಮಿಳು ಅದು. ಅವರು ನಗುತ್ತಾ "ತಂಬಿ, ಮೀನುಕ್ಕಾ?" ಅಂದರು. ಹಂದಿಗೆ ಅಂದೆ. ಒಂದು ಕ್ಷಣ ಸುಮ್ಮನಿದ್ದು, ಅವರ ಊರಿನ ಕಡೆಯೂ ಹಂದಿ ಕರಿಗೆ ಗೊರಕ ಹಾಕುವವರು ಇದ್ದಾರೆ ಅಂದರು. ಆಮೇಲೆ ನನಗಾಗಿ ಹೊಗೆ ಹಾಕದ, ಬಿಸಿಲಲ್ಲೇ ಒಣಗಿಸಿದ ಗೊರಕ ತರಿಸಿಟ್ಟರು. ಕಾಲು ಕಿಲೋಗೆ ನಾಲ್ಕೈದು ಯೂರೋ. ಹೊಗೆ ಹಾಕಿದ್ದರಲ್ಲೂ ಮಾಡಿ ನೋಡಿದೆ. ಎಷ್ಟು ತೊಳೆದರೂ ಹೊಗೆ ವಾಸನೆ ಹೋಗುವುದಿಲ್ಲ.

ಮಾಡುವುದು ಹೀಗೆ. ಕಾಲು ಕಿಲೋ ಸಿಪ್ಪೆಯನ್ನು ಬೇಗ ಒಂದು ಸಲ ತೊಳೆದು, ಒಂದು ಲೀಟರ್ ಬಿಸಿನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಹಿಂಡಿ, ಬಟ್ಟೆಯಲ್ಲಿ ಸೋಸಿ. ಸಿಪ್ಪೆಗೆ ಇನ್ನರ್ಧ ಲೀಟರ್ ಹಾಕಿ ಮತ್ತೊಮ್ಮೆ ಹಿಂಡಿ. ಸ್ಟೀಲ್ ಪಾತ್ರೆಯಲ್ಲೇ ಕಾಸಿ, ಅಲ್ಯುಮಿನಿಯಂ ಮುಟ್ಟಲೇಬೇಡಿ. ಸಣ್ಣ ಉರಿ, ಮೂರು ಗಂಟೆ ಮೇಲೆ. ಕಡೆಯ ಅರ್ಧ ಗಂಟೆ ಪಕ್ಕದಲ್ಲೇ ನಿಲ್ಲಬೇಕು. ಮೊದಲು ದೊಡ್ಡ ಗುಳ್ಳೆ ಬರುತ್ತದೆ, ಆಮೇಲೆ ಗುಳ್ಳೆ ಚಿಕ್ಕದಾಗಿ ಒತ್ತೊತ್ತಾಗಿ ಬರುತ್ತದೆ, ಪಾತ್ರೆಯ ಅಂಚಿನಲ್ಲಿ ಕಂದು ಗೆರೆ ಕೂರುತ್ತದೆ. ಚಮಚದ ಹಿಂಬದಿಗೆ ಅಂಟಿ, ಬೆರಳಲ್ಲಿ ಗೆರೆ ಎಳೆದರೆ ಕೂಡದೆ ನಿಂತರೆ ಇಳಿಸಿ. ಒಂದು ಸಣ್ಣ ಬಾಟಲಿ ಆಗುತ್ತದೆ. ಹಣ್ಣಿನ ರಸದಲ್ಲಿರುವ ಒಂದು ಗುಣ ಒಣ ಸಿಪ್ಪೆಯಲ್ಲಿ ಕಮ್ಮಿ. ಅದನ್ನು ತುಂಬಲು ಕೊನೆಯ ಹತ್ತು ನಿಮಿಷದಲ್ಲಿ ನಾನು ಒಂದು ವಸ್ತು ಹಾಕುತ್ತೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕರೆಂಟಿನ ಲೆಕ್ಕವೂ ಇದೆ. ಆಗ ಯೂನಿಟ್‌ಗೆ 40 ಸೆಂಟ್ ಆಸುಪಾಸು. ಸಿಪ್ಪೆ, ಕರೆಂಟು ಸೇರಿ ಬಾಟಲಿಗೆ ಆರು ಯೂರೋ ಬಿತ್ತು. ಕೋಟು ಹಾಳಾಗುವುದಕ್ಕಿಂತ ಅಗ್ಗ.

ಇದಕ್ಕಿಂತ ಕಷ್ಟ ಆಗಿದ್ದು ಮಸಾಲೆ ಹುರಿಯುವುದು. ಅಲ್ಲಿ ಮನೆ ಮನೆಯಲ್ಲೂ ಹೊಗೆ ಅಲಾರಂ ಕಡ್ಡಾಯ. ಕೊತ್ತಂಬರಿ, ಜೀರಿಗೆ, ಮೆಣಸನ್ನು ನಮ್ಮ ಹದಕ್ಕೆ ಕಪ್ಪಗೆ ಹುರಿಯುವಷ್ಟರಲ್ಲಿ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿತು. ಕೆಳಗಿನ ಮನೆಯ ಅಜ್ಜಿ ಚಪ್ಪಲಿಯಲ್ಲೇ ಓಡಿ ಬಂದರು. ಬಾಣಲೆ ನೋಡಿ, ಒಂದು ಚಿಟಿಕೆ ತೆಗೆದು ಮೂಸಿ, ಓವನ್‌ನಲ್ಲಿ ಹುರಿ ಅಂತ ಹೇಳಿಹೋದರು. ಅವರ ಮಾತೇ ಸರಿ. 180 ಡಿಗ್ರಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ನಡುನಡುವೆ ಕೈಯಾಡಿಸಿದರೆ ಸಮವಾಗಿ ಕಪ್ಪಾಗುತ್ತದೆ. ಈಗ ಊರಲ್ಲೂ ಹೀಗೇ ಮಾಡುತ್ತೇನೆ.

ಆ ಅಜ್ಜಿಯಿಂದಲೇ ಕಾಡು ಗೊತ್ತಾಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಅಲ್ಲಿ ಅಣಬೆ ಕಾಲ. ಬುಟ್ಟಿ, ಚಾಕು ಹಿಡಿದು ಝೌವರ್‌ಲ್ಯಾಂಡ್ ಬೆಟ್ಟಗಳಿಗೆ ಕರೆದುಕೊಂಡು ಹೋದರು. ಮನೆಗಾಗುವಷ್ಟು ಮಾತ್ರ ಕೀಳಬಹುದು, ಮಾರುವಂತಿಲ್ಲ. ಹಳದಿ ಫಿಫರ್ಲಿಂಗ್ ಅಣಬೆಗೆ ಕಾಯಿಮೆಣಸು, ತೆಂಗಿನಕಾಯಿ ಹಾಕಿ ನಮ್ಮ ಕುಮ್ಮು ಕರಿ ಮಾಡಿದೆ. ಪರವಾಗಿಲ್ಲ. ಡಬ್ಬಿಯ ಕಣಿಲೆ (ಎಳೆ ಬಿದಿರು) ಮಾತ್ರ ತರಬೇಡಿ, ದುಡ್ಡು ದಂಡ.

ಮಾಂಸದ ಅಂಗಡಿಯಲ್ಲಿ ಚರ್ಮ ಸಮೇತ ಹೊಟ್ಟೆಭಾಗ ಕೇಳಿ, "ಮಿಟ್ ಶ್ವಾರ್ಟೆ" ಅನ್ನಿ. ಅವರು ಇಡೀ ತುಂಡನ್ನೇ ಕೊಡಲು ನೋಡುತ್ತಾರೆ, ಚರ್ಮ ಗರಿಗರಿಯಾಗಿ ಸುಡುವುದಕ್ಕೆ ಅಂದುಕೊಂಡು. ಅಂಗಡಿಯಾಕೆ ನನಗೆ ತುಂಡು ಮಾಡಿಕೊಡಲು ಒಪ್ಪಲೇ ಇಲ್ಲ. ಮುಂದಿನ ವಾರ ಡಬ್ಬಿಯಲ್ಲಿ ಕರಿ ಕೊಟ್ಟೆ. ಅದರ ಮುಂದಿನ ವಾರದಿಂದ ನಾನು ಕೇಳುವ ಮೊದಲೇ ಅಳತೆಗೆ ಕತ್ತರಿಸಿ ಇಟ್ಟಿರುತ್ತಿದ್ದರು. ಶನಿವಾರವೇ ತರಬೇಕು, ಭಾನುವಾರ ಎಲ್ಲ ಬಾಗಿಲು. ಊರಿಂದ ಒಣಮಾಂಸ ತರುವ ಯೋಚನೆ ಬಿಡಿ. ಯುರೋಪಿನ ಒಕ್ಕೂಟದ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಸಾಮಾನಿನಲ್ಲಿ ತರುವಂತಿಲ್ಲ, ಏರ್‌ಪೋರ್ಟಿನಲ್ಲೇ ತೆಗೆದು ಹಾಕುತ್ತಾರೆ.

ಪಂದಿಕರಿ ಜೊತೆಗೆ ತಿನ್ನುವ ಅಕ್ಕಿ ನುಚ್ಚಿನ ಉಂಡೆ, ಕಡಂಬುಟ್ಟು, ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ವಿಯೆಟ್ನಾಂ ಅಂಗಡಿಯ ನುಚ್ಚಕ್ಕಿ ಅಂಟುತ್ತದೆ, ಬಾಸ್ಮತಿ ನುಚ್ಚು ಉಂಡೆಯೇ ಆಗುವುದಿಲ್ಲ. ಎರಡನ್ನೂ ಬೆರೆಸಿದರೆ ಹತ್ತಿರ ಬರುತ್ತದೆ.

ಕಳೆದ ಕೈಲ್ ಪೊಳ್ದ್‌ಗೆ, ನಮ್ಮ ಕೊಡಗಿನ ಆಯುಧಪೂಜೆ ಹಬ್ಬಕ್ಕೆ, ವಿರಾಜಪೇಟೆ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ಡಾರ್ಟ್‌ಮುಂಡ್‌ನ ಬಾಟಲಿ ಜೊತೆಗಿತ್ತು. ಒಂದೇ ಹಂದಿ, ಒಂದೇ ಮಸಾಲೆ, ಎರಡು ಪಾತ್ರೆ. ಒಂದಕ್ಕೆ ಮನೆಯ ಕಾಚಂಪುಳಿ, ಒಂದಕ್ಕೆ ನನ್ನದು. ಯಾವುದು ಯಾವುದು ಅಂತ ಹೇಳದೆ ಬಡಿಸಿದೆ. ಚಿಕ್ಕಮ್ಮ ಎರಡನ್ನೂ ತಿಂದು, ನನ್ನದನ್ನೇ ಮನೆಯದು ಅಂದರು. ಮಾವ ಮಾತ್ರ ಸರಿಯಾಗಿ ಹೇಳಿದರು, ಬಣ್ಣ ಒಂಚೂರು ತೆಳು ಅಂತ. ಅದನ್ನೂ ಈಗ ಸರಿ ಮಾಡಿದ್ದೇನೆ.

ನೀವು ಬೇರೆ ಊರುಗಳಲ್ಲಿದ್ದರೆ ಪ್ಯಾರಿಸ್‌ನ ಲಾ ಶಾಪೆಲ್, ಲಂಡನ್ನಿನ ಟೂಟಿಂಗ್, ಟೊರೊಂಟೊದ ಸ್ಕಾರ್ಬರೊ ಕಡೆ ಹೋಗಿ. ಶ್ರೀಲಂಕಾ ಅಂಗಡಿಗಳು ಸಿಗುತ್ತವೆ. ಪ್ಯಾಕೆಟ್ ಬಿಚ್ಚಿ ಮೂಸಿ ನೋಡಲು ಬಿಡುವ ಅಂಗಡಿಯಲ್ಲೇ ತಗೊಳ್ಳಿ. ಮೊದಲ ಸಲ ಕಾಲು ಕಿಲೋ ಸಾಕು.