ಏರಿನಲ್ಲಿ ಏದುಸಿರು ಬಿಡುವ ಸ್ಕೂಟರಿಗೆ

ನಮ್ಮ ತೋಟದಿಂದ ಟಾರು ರಸ್ತೆಗೆ ಹತ್ತುವ ದಾರಿ ಮುನ್ನೂರು ಮೀಟರ್ ಕೂಡ ಇಲ್ಲ. ಆದರೆ ತೀರ್ಥಹಳ್ಳಿ ಸೀಮೆಯ ಮನೆಗಳಿಗೆ ಒಮ್ಮೆಯಾದರೂ ಇಳಿದು ಹೋದವರಿಗೆ ಗೊತ್ತು, ಮುನ್ನೂರು ಮೀಟರಿನೊಳಗೆ ಎಂತೆಂಥ ಏರು ಅಡಗಿರುತ್ತದೆಂದು. ಹಿಂದೆ ಹೆಂಡತಿ, ಕಾಲಿಡುವ ಜಾಗದಲ್ಲಿ ಅರ್ಧ ಮೂಟೆ ಅಡಿಕೆ. ಧರೆಯ ಪಕ್ಕದ ತಿರುವಿಗೆ ಬರುವಷ್ಟರಲ್ಲಿ ನನ್ನ 110 ಸಿಸಿ ಸ್ಕೂಟರ್ ಉಸಿರು ಬಿಟ್ಟುಬಿಡುತ್ತಿತ್ತು. ಅವಳು ಇಳಿದು ನಡೆಯುತ್ತಿದ್ದಳು. ಎಷ್ಟೋ ಸಲ ನನಗಿಂತ ಮೊದಲು ಮೇಲೆ ತಲುಪಿ ಕಾಯುತ್ತಲೂ ಇದ್ದಳು.

ಪಿಕಪ್ ಬೇಕೆಂದು ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟೆ. ಅರ್ಧ ಗಂಟೆಯಲ್ಲಿ ಹಗುರ ರೋಲರ್ (ಗೇರಿಲ್ಲದ ಗಾಡಿಯಲ್ಲಿ ಗೇರಿನ ಕೆಲಸ ಮಾಡಿಸುವ ಪುಟ್ಟ ಉರುಳೆಗಳು) ಹಾಕಿ, ಹಳೆಯವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೈಗಿತ್ತರು. ಏರು ಹತ್ತಿತು, ಸುಳ್ಳು ಹೇಳಬಾರದು. ಆದರೆ ಮಂಡಗದ್ದೆ ದಾಟಿ ಗಾಜನೂರಿನ ಕಡೆಗೆ ರಸ್ತೆ ನೇರವಾದಾಗ, ಐವತ್ತರ ವೇಗಕ್ಕೇ ಎಂಜಿನ್ ಚಟ್ನಿ ರುಬ್ಬುವ ಮಿಕ್ಸಿಯಂತೆ ಕಿರುಚತೊಡಗಿತು. ಪೆಟ್ರೋಲಿನ ಮುಳ್ಳು ಶಿವಮೊಗ್ಗ ಮುಟ್ಟುವ ಮೊದಲೇ ಕೆಳಗಿಳಿದಿತ್ತು. ಮರುದಿನ ಕೊಟ್ಟಿಗೆಯ ಮುಂದೆ ನಾನೇ ಬಿಚ್ಚಿದೆ. ಬೆಲ್ಟ್ ಸವೆದು ಕಿರಿದಾಗಿತ್ತು, ಎಂಜಿನ್ನಿನ ಬಲವನ್ನು ಹಿಡಿದು ಚಕ್ರಕ್ಕೆ ದಾಟಿಸುವ ಕ್ಲಚ್ ಶೂಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಕವರಿನಲ್ಲಿದ್ದ ಹಳೆಯ ರೋಲರುಗಳ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಕಾಯಿಲೆಯೇ ಬೇರೆ, ಕೊಟ್ಟ ಮದ್ದೇ ಬೇರೆ. ಕಂಪನಿಯ ತೂಕದ್ದೇ ಹೊಸ ರೋಲರ್, ಹೊಸ ಬೆಲ್ಟ್ ಹಾಕಿದ ಮೇಲೆ ಕಳೆದುಹೋಗಿದ್ದ ಶಕ್ತಿಯ ಮುಕ್ಕಾಲು ಪಾಲು ವಾಪಸು ಬಂತು. ಉಳಿದ ಕಾಲು ಪಾಲಿಗೆ ಪ್ರತಿ ರೋಲರಿನಲ್ಲಿ ಒಂದೇ ಗ್ರಾಂ ಇಳಿಸಿದ್ದು ಸಾಕಾಯಿತು. ಆ ಕೆಲಸವನ್ನು ಹೇಗೆ ಮಾಡುವುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಗೇರಿಲ್ಲದ ಗಾಡಿಯ ಗೇರು

ಎಡಗಡೆಯ ಉದ್ದನೆಯ ಕವರಿನೊಳಗೆ ಎರಡು ಪುಲ್ಲಿ, ಅವುಗಳ ನಡುವೆ ಒಂದು ಅಗಲವಾದ ರಬ್ಬರ್ ಬೆಲ್ಟ್. ಮುಂದಿನ ಪುಲ್ಲಿಗೆ ವೇರಿಯೇಟರ್ ಎನ್ನುತ್ತಾರೆ. ಪುಲ್ಲಿಗಳೆಂದರೆ ಎದುರು ಬದುರು ಇಟ್ಟ ಎರಡೆರಡು ಇಳಿಜಾರು ತಟ್ಟೆಗಳು. ತಟ್ಟೆಗಳು ಹತ್ತಿರ ಬಂದರೆ ಬೆಲ್ಟ್ ಅಂಚಿಗೆ ಏರುತ್ತದೆ, ದೂರ ಸರಿದರೆ ನಡುವಿಗೆ ಇಳಿಯುತ್ತದೆ. ವೇರಿಯೇಟರಿನ ಬೆನ್ನಿಗೆ ಗೋಟಡಿಕೆ ಗಾತ್ರದ ಆರು ರೋಲರುಗಳಿವೆ. ಎಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಚಿಮ್ಮಲು ನೋಡುತ್ತವೆ. ಹಾಗೆ ಹೋಗುವಾಗ ತಟ್ಟೆಯನ್ನು ಒತ್ತಿ ಬೆಲ್ಟನ್ನು ಮೇಲೇರಿಸುತ್ತವೆ. ಗೇರಿನ ಗಾಡಿಯಲ್ಲಿ ಒಂದರಿಂದ ನಾಲ್ಕಕ್ಕೆ ಹೋದಂತೆ. ಹಿಂದಿನ ಪುಲ್ಲಿಯಲ್ಲಿ ಒಂದು ದಪ್ಪ ಸ್ಪ್ರಿಂಗ್ ಇದಕ್ಕೆ ವಿರುದ್ಧವಾಗಿ ಒತ್ತುತ್ತಿರುತ್ತದೆ. ರೋಲರಿಗೂ ಸ್ಪ್ರಿಂಗಿಗೂ ನಡೆಯುವ ಈ ಹಗ್ಗಜಗ್ಗಾಟವೇ ಸ್ಕೂಟರಿನ ಗೇರು.

ಈ ಉಪಾಯಕ್ಕೆ ವಯಸ್ಸಾಗಿದೆ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲೇ ತನ್ನ ಪುಟ್ಟ ಕಾರಿನಲ್ಲಿ ಇಂಥ ಬೆಲ್ಟನ್ನು ಇಟ್ಟು ತೋರಿಸಿತ್ತು. ನಮ್ಮಲ್ಲಿ 1980ರ ದಶಕದ ಕೈನೆಟಿಕ್ ಹೋಂಡಾ ಇದನ್ನು ರಸ್ತೆಗೆ ತಂದಿತು. 2001ರಲ್ಲಿ ಬಂದ ಆಕ್ಟಿವಾದ ನಂತರ ಇದಿಲ್ಲದ ಕೇರಿಯೇ ಇಲ್ಲ.

ರೋಲರ್ ಹಗುರವಾದರೆ ತಟ್ಟೆಯನ್ನು ಒತ್ತಲು ಎಂಜಿನ್ ಇನ್ನಷ್ಟು ಜೋರಾಗಿ ತಿರುಗಬೇಕು. ಅಂದರೆ ಗಾಡಿ ಸಣ್ಣ ಗೇರಿನಲ್ಲೇ ಹೆಚ್ಚು ಹೊತ್ತು ಇರುತ್ತದೆ. ಎಂಜಿನ್ನಿನ ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ; ಇರುವ ಶಕ್ತಿ ಎಲ್ಲಿ ಸಿಗುತ್ತದೆಯೋ ಆ ವೇಗದಲ್ಲಿ ಎಂಜಿನ್ನನ್ನು ಹಿಡಿದಿಡುತ್ತೇವೆ, ಅಷ್ಟೆ. ಲೆಕ್ಕವೂ ಸುಲಭ. ಹೊರಕ್ಕೆ ಚಿಮ್ಮುವ ಬಲ ತೂಕಕ್ಕೆ ತಕ್ಕಂತೆ, ಆದರೆ ತಿರುಗುವ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ತೂಕವನ್ನು ನೂರಕ್ಕೆ ಹತ್ತು ಇಳಿಸಿದರೆ ತಿರುಗುವ ವೇಗ ಏರುವುದು ನೂರಕ್ಕೆ ಸುಮಾರು ಐದು. ನಿಮಿಷಕ್ಕೆ 6000 ಸುತ್ತಿನಲ್ಲಿ ದುಡಿಯುತ್ತಿದ್ದ ಎಂಜಿನ್ 6300ರ ಆಸುಪಾಸಿಗೆ ಬರುತ್ತದೆ. ಬಹಳಷ್ಟು 110 ಸಿಸಿ ಸ್ಕೂಟರುಗಳ ಎಳೆಯುವ ಬಲ, ಅಂದರೆ ಟಾರ್ಕ್, 5000ದಿಂದ 5500 ಸುತ್ತಿನಲ್ಲಿ ತುದಿ ಮುಟ್ಟುತ್ತದೆ. ಪವರ್ ಅದಕ್ಕಿಂತ ಸಾಕಷ್ಟು ಮೇಲೆ. ಏರು ಹತ್ತುವಾಗ ಈ ಎರಡರ ನಡುವೆ ಎಂಜಿನ್ ಹಾಡುತ್ತಿರಬೇಕು. ಅತಿ ಹಗುರ ಮಾಡಿದರೆ ಹಾಡು ಚೀರಾಟವಾಗುತ್ತದೆ.

ಬಿಚ್ಚುವ ಮೊದಲು

ಟೈರಿನ ಗಾಳಿ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ. ಏರ್ ಫಿಲ್ಟರ್ ನೋಡಿ. ಅರ್ಧಕ್ಕರ್ಧ ‘ಪಿಕಪ್ ಇಲ್ಲ’ದ ದೂರು ಇಲ್ಲಿಯೇ ಮುಗಿಯುತ್ತದೆ ಎಂದು ನನ್ನ ಗುಮಾನಿ.

ಆಮೇಲೆ ಒಂದು ಏರನ್ನು ಗೊತ್ತುಮಾಡಿಕೊಳ್ಳಿ. ವಾಹನ ಸಂಚಾರ ಕಡಿಮೆ ಇರುವ, ನಿಮಗೆ ದಿನವೂ ಪರಿಚಯದ ಏರು. ಇಂಥ ಮೋರಿಯ ಬಳಿ ಇಷ್ಟು ವೇಗದಲ್ಲಿ ಹೊರಟೆ, ಇಂಥ ಮರದ ಬಳಿ ಇಷ್ಟಿತ್ತು ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಸಲವೂ ಅದೇ ಹೇರು ಇರಲಿ. ಈ ಚೀಟಿ ಇಲ್ಲದಿದ್ದರೆ ಖರ್ಚು ಮಾಡಿದ ಮೇಲೆ ಎಲ್ಲವೂ ಚೆನ್ನಾಗಿಯೇ ಓಡಿದಂತೆ ಕಾಣುತ್ತದೆ. ಪರೀಕ್ಷೆಗೆಂದು ಆಗುಂಬೆಯ ಹದಿನಾಲ್ಕು ತಿರುವುಗಳಿಗೋ ಹುಲಿಕಲ್ ಘಾಟಿಗೋ ಹೋಗಬೇಡಿ. ಅಲ್ಲಿ ಕಣ್ಣು ರಸ್ತೆಯ ಮೇಲಿರಬೇಕು, ಮೀಟರಿನ ಮೇಲಲ್ಲ.

ಕವರ್ ತೆಗೆಯುವುದು

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಕವರಿನ ಬೋಲ್ಟುಗಳು ಒಂದೇ ಉದ್ದದವಲ್ಲ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದರದೇ ಜಾಗದಲ್ಲಿ ಚುಚ್ಚಿಡಿ. ಕವರ್ ಎಳೆಯುವಾಗ ಅದನ್ನು ಸರಿಯಾಗಿ ಕೂರಿಸುವ ಪುಟ್ಟ ಪಿನ್ನುಗಳು ಹುಲ್ಲಿಗೆ ಬಿದ್ದರೆ ಹುಡುಕಿ ಸಾಕಾಗುತ್ತದೆ. ಕೆಳಗೆ ಹಳೆಯ ಪಂಚೆ ಹಾಸಿ. ಒಳಗಿನ ಕಪ್ಪು ಪುಡಿ ಬೆಲ್ಟು ಮತ್ತು ಕ್ಲಚ್ಚಿನ ಸವೆತ. ಅದನ್ನು ಬಾಯಿಂದ ಊದಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ.

ಮುಂದಿನ ಪುಲ್ಲಿಯ ನಟ್ಟು ಬಿಚ್ಚುವುದು ಕಷ್ಟದ ಕೆಲಸ. ಪುಲ್ಲಿ ತಿರುಗದಂತೆ ಹಿಡಿಯುವ ಹೋಲ್ಡರ್ ಇಲ್ಲದಿದ್ದರೆ ಮುಂದುವರಿಯಬೇಡಿ. ಫ್ಯಾನಿನಂತಿರುವ ಅದರ ಎಸಳುಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿ ಬಿಚ್ಚುವುದನ್ನು ಬೇಕಾದಷ್ಟು ನೋಡಿದ್ದೇನೆ. ಎಸಳು ಮುರಿದದ್ದನ್ನೂ ನೋಡಿದ್ದೇನೆ. ನಟ್ಟು ಬಂದ ಮೇಲೆ ಹೊರ ತಟ್ಟೆ ತೆಗೆಯಿರಿ. ಬೆಲ್ಟಿನ ಮೇಲಿನ ಬಾಣದ ಗುರುತು ಯಾವ ದಿಕ್ಕಿಗಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ನಂತರ ವೇರಿಯೇಟರನ್ನು ಹಿಂದಿನ ಫಲಕದ ಸಮೇತ ಒತ್ತಿಹಿಡಿದು ಹೊರತೆಗೆಯಿರಿ. ಫಲಕ ಬಿಟ್ಟರೆ ರೋಲರುಗಳು ಅಂಗಳದ ತುಂಬ ಉರುಳುತ್ತವೆ.

ಈಗ ನೋಡಬೇಕಾದದ್ದು: ರೋಲರಿನ ಮೇಲೆ ಚಪ್ಪಟೆ ಜಾಗವಿದೆಯೇ? ಫಲಕದ ಮೂಲೆಗಳಲ್ಲಿರುವ ಪ್ಲಾಸ್ಟಿಕ್ ತುಂಡುಗಳು ಸಡಿಲವಾಗಿವೆಯೇ? ಬೆಲ್ಟಿನ ಹಲ್ಲುಗಳ ಬುಡದಲ್ಲಿ ಬಿರುಕಿದೆಯೇ? ಬೆಲ್ಟಿನ ಅಗಲವನ್ನು ಅಳೆದು ನಿಮ್ಮ ಗಾಡಿಯ ಸರ್ವಿಸ್ ಕೈಪಿಡಿಯ ಮಿತಿಯೊಂದಿಗೆ ಹೋಲಿಸಿ. ಕಿರಿದಾದ ಬೆಲ್ಟ್ ಪುಲ್ಲಿಗಳಲ್ಲಿ ಇರಬೇಕಾದ ಎತ್ತರದಲ್ಲಿ ಕೂರುವುದಿಲ್ಲ. ಆಮೇಲೆ ಯಾವ ರೋಲರ್ ಹಾಕಿದರೂ ಲೆಕ್ಕ ತಪ್ಪುತ್ತದೆ. ಸವೆದದ್ದೇನಾದರೂ ಕಂಡರೆ ಕಂಪನಿಯ ಅಳತೆಯದ್ದನ್ನೇ ಹಾಕಿ, ಮುಚ್ಚಿ, ನಿಮ್ಮ ಏರಿನಲ್ಲಿ ಒಮ್ಮೆ ಓಡಿಸಿ. ಬಹಳ ಜನರಿಗೆ ಅಲ್ಲಿಗೇ ಸಾಕು.

ಗ್ರಾಮಿನ ಲೆಕ್ಕ

ಸಾಲದಿದ್ದರೆ ಮಾತ್ರ ಮುಂದೆ. ರೋಲರಿನ ವ್ಯಾಸ ಮತ್ತು ಅಗಲ ಮೂಲದ್ದೇ ಇರಬೇಕು. ಬದಲಾಗುವುದು ತೂಕ ಒಂದೇ. ಪೊಟ್ಟಣದ ಮೇಲೆ ಬರೆದಿದ್ದನ್ನು ನಂಬದೆ ಆರನ್ನೂ ಅಕ್ಕಸಾಲಿಗರ ಪುಟ್ಟ ತಕ್ಕಡಿಯಲ್ಲಿ ತೂಗಿ. ನಮ್ಮೂರಿನ ಅಕ್ಕಸಾಲಿಗರು ಮೊದಲ ಸಲ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕೊನೆಗೆ ಉಂಗುರ ತೂಗುವ ಗಂಭೀರತೆಯಲ್ಲೇ ತೂಗಿಕೊಟ್ಟರು. ಮೂಲ ತೂಕಕ್ಕಿಂತ ತಲಾ ಒಂದು ಗ್ರಾಂ ಕಡಿಮೆಯದ್ದು ಮೊದಲ ಹೆಜ್ಜೆ. ಅರ್ಧ ಗ್ರಾಮಿನ ವ್ಯತ್ಯಾಸ ಬೇಕೆಂದರೆ ಎರಡು ತೂಕದವನ್ನು ಮೂರು ಮೂರರಂತೆ, ಒಂದು ಬಿಟ್ಟು ಒಂದರಂತೆ ಜೋಡಿಸಬಹುದು. ಪಕ್ಕಪಕ್ಕ ಒಂದೇ ತೂಕದ ಮೂರನ್ನು ಇಟ್ಟರೆ ತೂಕ ಒಂದು ಕಡೆಗೆ ವಾಲಿ ಅದುರುತ್ತದೆ.

ರೋಲರಿಗೆ ಎರಡು ಮುಖವಿದೆ, ಎರಡೂ ಒಂದೇ ಅಲ್ಲ. ಹಳೆಯವು ಹೇಗಿದ್ದವೋ ಹಾಗೆಯೇ ಕೂರಿಸಿ. ಕೆಲವು ಮಾದರಿಗಳಲ್ಲಿ ಒಳಗೆ ಗ್ರೀಸ್ ಹಚ್ಚಬೇಕು, ಕೆಲವು ಒಣಗಿಯೇ ಓಡಬೇಕು. ಇದರಲ್ಲಿ ಕೈಪಿಡಿ ಹೇಳಿದ್ದೇ ಸರಿ. ಬೆಲ್ಟ್ ಓಡುವ ತಟ್ಟೆಯ ಮೇಲೆ ಮಾತ್ರ ಗ್ರೀಸಿನ ಒಂದು ಬೆರಳಚ್ಚೂ ಇರಕೂಡದು.

ಮುಚ್ಚುವಾಗಿನ ಒಂದು ತಪ್ಪು ಇಡೀ ಕೆಲಸವನ್ನು ಹಾಳುಮಾಡುತ್ತದೆ. ಹಿಂದಿನ ಪುಲ್ಲಿಯ ಸ್ಪ್ರಿಂಗ್ ಬೆಲ್ಟನ್ನು ಅಂಚಿಗೆ ತಳ್ಳಿ ಬಿಗಿಯಾಗಿ ಹಿಡಿದಿರುತ್ತದೆ. ಹಾಗಿರುವಾಗಲೇ ಮುಂದಿನ ತಟ್ಟೆ ಹಾಕಿ ನಟ್ಟು ಬಿಗಿದರೆ, ತಟ್ಟೆ ಒತ್ತುವುದು ಬೆಲ್ಟನ್ನು. ಅದರ ಹಿಂದೆ ಶಾಫ್ಟಿನ ಮೇಲೆ ಕೂರುವ ಗಟ್ಟಿ ಕೊಳವೆಯನ್ನಲ್ಲ. ಬಿಗಿಯಾಯಿತೆಂದು ನಾವು ಕೈ ಒರೆಸಿಕೊಳ್ಳುತ್ತೇವೆ. ನಾಲ್ಕು ಸುತ್ತು ತಿರುಗಿ ಬೆಲ್ಟ್ ಸರಿದ ಕೂಡಲೇ ನಟ್ಟು ಸಡಿಲ. ಸಡಿಲ ತಟ್ಟೆ ಕುಣಿದು ಎಂಜಿನ್ ಶಾಫ್ಟಿನ ಹಲ್ಲುಗಳನ್ನೇ ತಿಂದುಹಾಕುತ್ತದೆ. ಆ ಶಾಫ್ಟ್ ಬದಲಿಸಲು ಎಂಜಿನ್ನನ್ನೇ ಬಿಚ್ಚಬೇಕು. ಆದ್ದರಿಂದ ಹಿಂದಿನ ಪುಲ್ಲಿಯ ತಟ್ಟೆಗಳನ್ನು ಎರಡೂ ಕೈಯಿಂದ ಅಗಲಿಸಿ, ಬೆಲ್ಟನ್ನು ಅದರ ನಡುವಿಗೆ ಇಳಿಸಿ. ಮುಂದೆ ಬೆಲ್ಟ್ ಜೋತುಬೀಳಬೇಕು. ಆಗ ತಟ್ಟೆ ಹಾಕಿ, ನಟ್ಟನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟು ಬಿಗಿಯಿರಿ. ಬಿಗಿದ ನಂತರವೂ ಬೆಲ್ಟ್ ಎರಡು ತಟ್ಟೆಗಳ ನಡುವೆ ಸಡಿಲವಾಗಿ ಆಡುತ್ತಿದ್ದರೆ ಸರಿಯಾಗಿ ಕೂತಿದೆ ಎಂದರ್ಥ.

ಕವರ್ ಹಾಕುವ ಮೊದಲು ಒಂದು ಕಿತಾಪತಿ. ಹೊರ ತಟ್ಟೆಯ ಒಳಮುಖದಲ್ಲಿ ನಡುವಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದಿಡಿ. ಒಂದು ದಿನ ಓಡಿಸಿ ಬಿಚ್ಚಿದರೆ ಬೆಲ್ಟ್ ಗೆರೆಯನ್ನು ಎಲ್ಲಿಯವರೆಗೆ ಅಳಿಸಿದೆ ಎಂದು ಕಾಣುತ್ತದೆ. ನೇರ ರಸ್ತೆಯಲ್ಲಿ ಪೂರ್ತಿ ಓಡಿಸಿಯೂ ಅಂಚಿನ ಗೆರೆ ಬಹಳಷ್ಟು ಉಳಿದಿದ್ದರೆ ಬೆಲ್ಟ್ ಮೇಲಿನ ಗೇರಿಗೆ ಹೋಗುತ್ತಲೇ ಇಲ್ಲ. ರೋಲರ್ ಅತಿ ಹಗುರವಾಗಿದೆ, ಇಲ್ಲವೇ ಬೆಲ್ಟ್ ಸವೆದಿದೆ.

ಸ್ಪ್ರಿಂಗು, ಕ್ಲಚ್ಚು

ಹಿಂದಿನ ದಪ್ಪ ಸ್ಪ್ರಿಂಗನ್ನು ಬಿರುಸಿನದ್ದಕ್ಕೆ ಬದಲಿಸಿದರೆ ಏರಿನಲ್ಲಿ ಬೆಲ್ಟ್ ಬೇಗ ಸಣ್ಣ ಗೇರಿಗೆ ಮರಳುತ್ತದೆ. ಆದರೆ ಬೆಲ್ಟ್ ಹೆಚ್ಚು ಬಿಸಿಯಾಗಿ ಬೇಗ ಸವೆಯುತ್ತದೆ. ಮನೆ ಬಳಕೆಯ ಗಾಡಿಗೆ ಇದು ಬೇಡವೆಂದೇ ನನ್ನ ಮಾತು. ಬೇಕೇ ಬೇಕೆಂದರೆ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಒತ್ತಿಹಿಡಿಯುವ ಸಾಧನವಿಲ್ಲದೆ ನಟ್ಟು ಬಿಚ್ಚಿದರೆ ಆ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ.

ಕ್ಲಚ್ಚಿನ ಸಣ್ಣ ಸ್ಪ್ರಿಂಗುಗಳನ್ನು ಬಿರುಸು ಮಾಡಿಸುವ ಶೋಕಿಯೂ ಇದೆ. ಹೊರಡುವಾಗ ಜಿಗಿಯುತ್ತದೆ, ಹೌದು. ಆದರೆ ಘಾಟಿಯ ನಿಧಾನ ತಿರುವಿನಲ್ಲಿ ಕ್ಲಚ್ ಪೂರ್ತಿ ಹಿಡಿಯದೆ ಜಾರಿ ಸುಡುತ್ತದೆ. ಶೂಗಳು ಹೊಳೆಯುತ್ತಿದ್ದರೆ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ, ಒರೆಸಿ ಹಾಕಿದರೆ ಹೊರಡುವಾಗಿನ ಅದುರು ನಿಲ್ಲುತ್ತದೆ. ಏರಿನಲ್ಲಿ ಬಸ್ಸಿನ ಹಿಂದೆ ನಿಂತಾಗ ಆಕ್ಸಿಲರೇಟರ್ ಹಿಡಿದು ಗಾಡಿ ನಿಲ್ಲಿಸಬೇಡಿ, ಬ್ರೇಕ್ ಹಿಡಿಯಿರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸಿಲಿಂಡರ್ ಕೊರೆಸಿ ಸಿಸಿ ಹೆಚ್ಚಿಸುವ ಗೊಡವೆಗೆ ಹೋಗಲೇಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪುಸ್ತಕದ ವಿವರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ರೋಲರಿನ ತೂಕ ಆ ಪುಸ್ತಕದಲ್ಲಿ ಇರುವುದಿಲ್ಲ, ಸಿಸಿ ಇರುತ್ತದೆ. ವಾರಂಟಿ ಇನ್ನೂ ಇದ್ದರೆ ರೋಲರಿಗೂ ಕೈ ಹಾಕದಿರುವುದೇ ಲೇಸು.

ಮಳೆಯೂ ಇಳಿಜಾರೂ

ಬೆಲ್ಟಿನ ಕವರಿಗೆ ಗಾಳಿ ಎಳೆದುಕೊಳ್ಳುವ ದಾರಿ ಇರುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆಯ ಕಡೆ ಆ ದಾರಿಯಲ್ಲಿ ಗಾಳಿಯ ಜೊತೆ ನೀರೂ ಬಂದೀತು. ಹಳ್ಳದ ನೀರು ದಾಟಿದ ಮೇಲೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಎಂದಾದರೆ ಬೆಲ್ಟ್ ಒದ್ದೆಯಾಗಿ ಜಾರುತ್ತಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರದ ಹತ್ತಿರ ಯಾರೂ ಇಲ್ಲದಂತೆ ನೋಡಿಕೊಂಡು, ಸ್ವಲ್ಪ ಹೊತ್ತು ನಿಧಾನವಾಗಿ ಓಡಿಸಿದರೆ ಒಣಗುತ್ತದೆ. ಮಳೆಗಾಲ ಮುಗಿದ ಮೇಲೆ ಹಿಂದಿನ ಗೇರ್ ಆಯಿಲನ್ನೂ ಇಳಿಸಿ ನೋಡಿ. ಹಾಲು ಬೆರೆತ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ.

ಇಳಿಜಾರಿನಲ್ಲಿ ಹಗುರ ರೋಲರಿನಿಂದ ಒಂದು ಲಾಭವಿದೆ: ಎಂಜಿನ್ ತುಸು ಹೆಚ್ಚು ತಡೆದು ಹಿಡಿಯುತ್ತದೆ. ಆದರೆ ವೇಗ ತೀರಾ ಇಳಿದರೆ ಕ್ಲಚ್ ಬಿಟ್ಟುಹೋಗಿ ಗಾಡಿ ಸುಮ್ಮನೆ ಜಾರುತ್ತದೆ. ಆಗ ಆಕ್ಸಿಲರೇಟರನ್ನು ಚೂರು ತಿರುಗಿಸಿ ಬಿಟ್ಟರೆ ಕ್ಲಚ್ ಮತ್ತೆ ಹಿಡಿಯುತ್ತದೆ. ಆಗುಂಬೆ ಘಾಟಿಯ ಬುಡದ ಸೋಮೇಶ್ವರಕ್ಕೆ ಇಳಿಯುವಾಗ ಬ್ರೇಕ್ ಡ್ರಮ್ಮುಗಳು ಕಾದು ಸೋಲದಿರಲು ಈ ಅಭ್ಯಾಸ ಬಹಳ ಉಪಕಾರಿ.

ಐನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಕವರ್ ತೆಗೆದು ನಟ್ಟಿನ ಬಿಗಿ ನೋಡಿ, ಮಾರ್ಕರ್ ಗೆರೆ ನೋಡಿ, ಏರಿನ ಚೀಟಿಯನ್ನು ಹೊಸ ಅಂಕಿಗಳೊಂದಿಗೆ ಹೋಲಿಸಿ. ಕಂಪನಿಯ ತೂಕದ ಆ ಹೊಸ ರೋಲರುಗಳನ್ನು ನಾನು ಎಸೆದಿಲ್ಲ. ಗ್ರಾಂ ಬರೆದ ಚೀಟಿಯೊಂದಿಗೆ ನಶ್ಯದ ಡಬ್ಬಿಯಲ್ಲಿಟ್ಟಿದ್ದೇನೆ. ಮಗ ಶಿವಮೊಗ್ಗದಲ್ಲಿ ಕಾಲೇಜಿಗೆ ಸೇರಿ ಗಾಡಿ ಅಲ್ಲಿಗೆ ಹೋದರೆ ಅವೇ ವಾಪಸು ಕೂರಬೇಕು.