ನಗುವಿನ ಮೇಲೆ ವೈಟ್ನರ್ ಹಚ್ಚಿದೆ

"ನಗು ಅಂದ್ರ ನಗು ರೀ ಸರ. ಅದರಾಗ ಸಂಕೇತ ಗಿಂಕೇತ ಏನ್ ಹುಡುಕ್ತೀರಿ? ನೋಟ್ಸ್ ಕೊಟ್ಟು ಮುಗಸ್ರಿ."

ಕಥೆಯ ಪಾತ್ರದ ಮುಖದ ಮೇಲಿನ ನಗು, ಕಣ್ಣೀರನ್ನು ಹೇಗೆ ಓದಬೇಕು ಅನ್ನುವುದನ್ನು ಕಲಿಸಲು ಹೊರಟಾಗಲೆಲ್ಲ, ಬಾಗಲಕೋಟೆಯ ನಮ್ಮ ಸ್ಟಾಫ್ ರೂಮಿನಲ್ಲಿ ಮೂರು ವರ್ಷ ಇದೇ ಮಾತು ಕೇಳಿದ್ದೇನೆ. ಈ ವರ್ಷ ಅದೇ ಸಹೋದ್ಯೋಗಿ ನನ್ನ ಝೆರಾಕ್ಸ್ ಪ್ರತಿ ಕೇಳಿಕೊಂಡು ಬಂದರು. ಅದಕ್ಕೇ ಬರೆಯುತ್ತಿದ್ದೇನೆ.

ಬಿ.ಎ. ಹುಡುಗರಿಗೆ ಈ ಎರಡು ಇಂಗ್ಲಿಷ್ ಕಥೆಗಳನ್ನು ಕಲಿಸಿದವರಿಗೆ ಕಥೆ ಹೇಳುವ ಅಗತ್ಯವಿಲ್ಲ. ಒಂದು, 1846ರಲ್ಲಿ ಅಚ್ಚಾದ ಎಡ್ಗರ್ ಅಲನ್ ಪೋನ 'ದಿ ಕ್ಯಾಸ್ಕ್ ಆಫ್ ಅಮಾಂಟಿಲಾಡೊ'. ಇನ್ನೊಂದು, 1894ರ ಕೇಟ್ ಶೋಪ್ಯಾನ್ ಕಥೆ, 'ದಿ ಸ್ಟೋರಿ ಆಫ್ ಆ್ಯನ್ ಅವರ್'.

ಮೊದಲ ವರ್ಷ ಬೋರ್ಡಿನ ಮೇಲೆ ಪಟ್ಟಿ ಬರೆಸಿದೆ. ನಗು ಎಂದರೆ ಮೋಸ, ಕಣ್ಣೀರು ಎಂದರೆ ದುಃಖ, ಹೀಗೆ. ಪರೀಕ್ಷೆಯಲ್ಲಿ ಅರವತ್ತು ಜನರಲ್ಲಿ ಐವತ್ತು ಜನ ಅದನ್ನೇ ಇಳಿಸಿದರು. ಶೋಪ್ಯಾನ್ ಕಥೆಯಲ್ಲೂ ಮೋಸ ಹುಡುಕಿದ್ದರು! ತಪ್ಪು ಅವರದಲ್ಲ, ನನ್ನದು.

ಎರಡನೇ ವರ್ಷ ಬನಶಂಕರಿ ಜಾತ್ರೆಯಲ್ಲಿ ನಲವತ್ತು ಕೈಗನ್ನಡಿ ಕೊಂಡೆ. ಒಂದಕ್ಕೆ ಇಪ್ಪತ್ತೈದೋ ಮೂವತ್ತೋ, ಒಟ್ಟು ಸಾವಿರದ ಮೇಲೆ ಹೋಯಿತು. ಪಾತ್ರದ ಮುಖ ಮಾಡಿ ನೋಡಿಕೊಳ್ಳಿ ಎಂದೆ. ಎಲ್ಲರೂ ತಲೆ ಬಾಚಿಕೊಂಡರು. ಹೋಗಲಿ ಎಂದು ಜಾತ್ರೆಗೆ ಬಂದಿದ್ದ ನಾಟಕ ಕಂಪನಿಯ ಹಿರಿಯ ನಟರೊಬ್ಬರನ್ನು ಕರೆತಂದೆ. ಸಾವಿರದ ಐನೂರು, ಮೇಲೆ ಊಟ. ಅವರು ನಕ್ಕ ನಗುವಿಗೆ ಕ್ಲಾಸು ಚಪ್ಪಾಳೆ ಹೊಡೆಯಿತು, ಬರೆದದ್ದು ಮಾತ್ರ ಸೊನ್ನೆ. ಮನೆಯಲ್ಲಿ ಬೈಸಿಕೊಂಡೆ.

ಆದರೆ ಆ ದುಡ್ಡು ದಂಡವಾಗಲಿಲ್ಲ. ಪೋ ಕಥೆ ಹೇಳಿ, "ಇಲ್ಲಿ ನಗ್ರಿ" ಎಂದಾಗ ಆ ನಟರು ಕೂಡಲೇ ನಗಲಿಲ್ಲ. "ಆ ನಗು ಎದುರಿನವಗ ತಿಳೀತೈತೋ ಇಲ್ಲೋ? ಮೊದಲ ಅದ ಹೇಳ್ರಿ. ಅದರ ಮ್ಯಾಲೆ ನಾ ನಗತೀನಿ" ಎಂದರು.

ಅಲ್ಲೇ ನನಗೆ ದಾರಿ ಸಿಕ್ಕಿತು. ಮುಖದ ಮೇಲೆ ಏನಿದೆ ಅನ್ನುವುದಕ್ಕಿಂತ, ಅದನ್ನು ನೋಡಿದವರು ಯಾರು, ಓದಿದ್ದು ಸರಿಯೋ ತಪ್ಪೋ ಎಂದು ಕೇಳಬೇಕು.

ಮೂರನೇ ವರ್ಷ ಕಥೆ ಝೆರಾಕ್ಸ್ ಮಾಡಿಸಿ, ಮುಖದ ಸಾಲುಗಳಿಗೆ ವೈಟ್ನರ್ ಹಚ್ಚಿ, ಮತ್ತೆ ಝೆರಾಕ್ಸ್ ಮಾಡಿಸಿದೆ. ಸುಮಾರು ಏಳು ನೂರು ರೂಪಾಯಿ. ಹುಡುಗರು ಮೊದಲು ಅದನ್ನು ಓದಬೇಕು. ಪೋ ಕಥೆಯ ಮಾಂಟ್ರೆಸರ್ ಸೇಡಿಗಾಗಿ ಫಾರ್ಚುನಾಟೊನನ್ನು ನೆಲಮಾಳಿಗೆಗೆ ಕರೆದೊಯ್ಯುತ್ತಾನೆ. ದಾರಿಯಲ್ಲಿ ಅವನ ಕೆಮ್ಮು ವಿಚಾರಿಸುತ್ತಾನೆ, ವಾಪಸ್ ಹೋಗೋಣ ಅನ್ನುತ್ತಾನೆ. ಸೇಡಿನ ಮಾತು ಮೊದಲೇ ಬಂದಿದ್ದರೂ ಅರ್ಧ ಕ್ಲಾಸು "ಮನಸ್ಸು ಕರಗಿರಬೇಕು ಸರ" ಎಂದಿತು. ಆಮೇಲೆ ಅಳಿಸಿದ ಸಾಲು ಕೊಟ್ಟೆ. ಫಾರ್ಚುನಾಟೊನ ಎದುರು ಮಾಂಟ್ರೆಸರ್ ಎಂದಿನಂತೆ ನಗುತ್ತಲೇ ಇದ್ದ, ಈಗಿನ ನಗು ತನ್ನನ್ನು ಬಲಿಕೊಡುವ ಯೋಚನೆಗೆ ಅನ್ನುವುದು ಫಾರ್ಚುನಾಟೊನಿಗೆ ತಿಳಿಯಲಿಲ್ಲ. ಕ್ಲಾಸು ಗಪ್ಪಾಯಿತು.

ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ್ದು ನನಗೂ ಹೊಳೆದಿರಲಿಲ್ಲ. ಅವನನ್ನು ಒಳಗಿಟ್ಟು ಮಾಂಟ್ರೆಸರ್ ಕಟ್ಟುವ ಗೋಡೆ ಏರತೊಡಗಿದ ಮೇಲೆ ಫಾರ್ಚುನಾಟೊನ ಮುಖವೇ ಕಥೆಯಲ್ಲಿಲ್ಲ. ನರಳಾಟ, ಸರಪಳಿ, ನಗು, ಕೊನೆಗೆ ಟೋಪಿಯ ಗೆಜ್ಜೆ, ಬರೀ ಸಪ್ಪಳ.

ಶೋಪ್ಯಾನ್ ಕಥೆ ಇನ್ನೂ ಚೆನ್ನಾಗಿ ಬಿಚ್ಚಿಕೊಂಡಿತು. ಗಂಡ ಸತ್ತನೆಂಬ ಸುದ್ದಿ ಕೇಳಿದ ಲೂಯಿಸ್ ಬಾಗಿಲು ಹಾಕಿಕೊಂಡು ಕಿಟಕಿಯ ಮುಂದೆ ಕೂಡುತ್ತಾಳೆ. ಮಂಕು ನೋಟ, ನಂತರ ಹೆದರಿಕೆ, ಆಮೇಲೆ ಇನ್ನು ತಾನು ಸ್ವತಂತ್ರಳು ಅನ್ನಿಸಿ ಕಣ್ಣಿಗೆ ಹೊಳಪು. ಆ ಹೊತ್ತು ಕೋಣೆಯಲ್ಲಿ ಯಾರೂ ಇಲ್ಲ. ಸೋದರಿ ಬಾಗಿಲ ಹೊರಗೆ ಬೇಡಿಕೊಳ್ಳುತ್ತಿದ್ದಾಳೆ. ಮುಖ ಬದಲಾದದ್ದನ್ನು ನೋಡಿದವರು ನಾವು ಮಾತ್ರ, ಅಲ್ವಾ? ಆದ್ದರಿಂದಲೇ ಗಂಡ ಜೀವಂತ ಬಂದಾಗ ಅವಳು ಸತ್ತದ್ದನ್ನು ಡಾಕ್ಟರು ಖುಷಿಯ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಕಿಟಕಿಯ ಸಾಲುಗಳಿಗೆ ವೈಟ್ನರ್ ಹಚ್ಚಿ ಓದಿ, ಡಾಕ್ಟರು ಹೇಳಿದ್ದೇ ಖರೆ ಅನ್ನಿಸುತ್ತದೆ.

ನಡುವೆ ಹನ್ನೆರಡು ಹುಡುಗರನ್ನು ಬಾದಾಮಿಗೂ ಕರೆದುಕೊಂಡು ಹೋಗಿದ್ದೆ. ಒಂದನೇ ಗುಹೆಯ ಹದಿನೆಂಟು ಕೈಯ ನಟರಾಜನ ಮುಖ ನೋಡಲಿ ಅಂತ. "ಕೈ ಇಷ್ಟು ಕೆಲಸ ಮಾಡ್ತಾವ ಸರ, ಮುಖಕ್ಕ ಕೆಲಸಾನೇ ಇಲ್ಲ" ಎಂದಳು ಒಬ್ಬಳು. ಒಳ್ಳೆಯ ಮಾತು, ಆದರೆ ಪಾಠಕ್ಕೆ ದಕ್ಕಲಿಲ್ಲ. ಕಲ್ಲಿನ ಮುಖಕ್ಕೆ ಹಿಂದಿನ ಪುಟ, ಮುಂದಿನ ಪುಟ ಇಲ್ಲವಲ್ಲ. ಬಾಳೆಹಣ್ಣು ಮಂಗ್ಯಾ ಒಯ್ದದ್ದು ಬೇರೆ.

ಈ ಸಲ ಸ್ವಂತ ಮಾತಿನಲ್ಲಿ ಬರೆದವರು ನಲವತ್ತರ ಹತ್ತಿರ. ಮೊದಲು ಏಳೆಂಟು ಜನ ಇದ್ದರೆ ಜಾಸ್ತಿ.

ಯಾವ ಸಾಲನ್ನು ಅಳಿಸದೆ ಬಿಡಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಎರಡು ವರ್ಷ ಸುರಿದಿದ್ದೇನೆ. ಸಹೋದ್ಯೋಗಿಗೂ ಹೇಳಿಲ್ಲ. ಪ್ರತಿ ಕೊಟ್ಟೆ, ಜೊತೆಗೆ ಕಪಾಟಿನಲ್ಲಿದ್ದ ಎರಡು ಕನ್ನಡಿಯನ್ನೂ ಕೊಟ್ಟು ಕಳಿಸಿದೆ.