ಜಾಡಿಯೊಳಗಿನ ಚೀಟಿ

ನನ್ನ ಮೊದಲ ಮಳೆಗಾಲದ ಸಂಗ್ರಹದಲ್ಲಿ 11 ಕಪ್ಪೆಗಳಿದ್ದವು. ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಗೆ ಬರಲು ತಿಂಗಳುಗಟ್ಟಲೆ ಕಾದಿದ್ದೆ. ಬಂದದ್ದೇ ತಡ, ಮೂಡಿಗೆರೆ ಬಸ್ ಹತ್ತಿ ಘಟ್ಟದ ಅಂಚಿನ ಹಳ್ಳಗಳಲ್ಲಿ ನಾಲ್ಕು ರಾತ್ರಿ ಕಳೆದೆ. ಒಂದೊಂದು ಕಪ್ಪೆಯ ಕಾಲಿಗೂ ದಾರದಿಂದ ಚೀಟಿ ಕಟ್ಟಿ, ಸ್ಪಿರಿಟ್ ತುಂಬಿದ ಜಾಡಿಗೆ ಇಳಿಸಿ, ಮುಚ್ಚಳ ಬಿಗಿ ಮಾಡಿ ತಂದೆ. ಮೂರು ವಾರ ಬಿಟ್ಟು ತೆರೆದು ನೋಡಿದರೆ ಚೀಟಿಗಳೆಲ್ಲ ಬೆಳ್ಳಗಿದ್ದವು. ಸ್ಪಿರಿಟ್ ತಿಳಿನೀಲಿಯಾಗಿತ್ತು. ನಾನು ಬರೆದದ್ದು ಬಾಲ್‌ಪೆನ್ನಿನಲ್ಲಿ.

ನೋಟ್‌ಬುಕ್ಕಿನಲ್ಲಿ 1ರಿಂದ 11ರವರೆಗೆ ಸಂಖ್ಯೆಗಳಿದ್ದವು. ಎದುರಿಗೆ ಹಳ್ಳ, ಹೊತ್ತು, ಮಳೆ ಎಲ್ಲವೂ ಇತ್ತು. ಯಾವ ಸಂಖ್ಯೆ ಯಾವ ಕಪ್ಪೆಯದು ಎಂಬುದು ಮಾತ್ರ ಹೋಗಿತ್ತು. ಜೀವ ತೆಗೆದೆ, ತಿಳಿದದ್ದು ಏನೂ ಇಲ್ಲ ಎಂಬ ಆ ಸಂಕಟ ಇವತ್ತಿಗೂ ಆರಿಲ್ಲ. ನನ್ನ ಮಾರ್ಗದರ್ಶಕರು ಬೈಯಲಿಲ್ಲ. ಮೇಜಿನ ಮೇಲೆ ಒಂದು ಪೆನ್ಸಿಲ್ ಇಟ್ಟು, “ಕಪ್ಪೆ ಹೋದರೂ ಚೀಟಿ ಉಳಿಯಬೇಕಮ್ಮ” ಎಂದರು. ಆಗ ಅದು ಸಮಾಧಾನದ ಮಾತು ಎಂದುಕೊಂಡೆ. ಅದರ ಪೂರ್ತಿ ಅರ್ಥ ತಿಳಿಯಲು ಕೊಟ್ಟಿಗೆಹಾರದ ಒಂದು ಕಪ್ಪೆಯ ಹಿಂದೆ ಬೀಳಬೇಕಾಯಿತು.

ಚಾರ್ಮಾಡಿ ಘಾಟಿ ಇಳಿಯುವ ಮುನ್ನ ಸಿಗುವ ಊರು ಕೊಟ್ಟಿಗೆಹಾರ. ಪ್ರಯಾಣಿಕರು ನೀರುದೋಸೆಗೆ ಬಸ್ ನಿಲ್ಲಿಸುವ ಜಾಗ. ಕಪ್ಪೆ ಅಧ್ಯಯನ ಮಾಡುವವರಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರು ಹೆಸರಿಟ್ಟ ಕಪ್ಪೆಗಳಲ್ಲಿ ಒಂದು ಕೊಟ್ಟಿಗೆಹಾರೆನ್ಸಿಸ್. ಅವರು ಅದನ್ನು ಫಿಲಾಟಸ್ ಕುಲದಲ್ಲಿ, ಅಂದರೆ ಪೊದೆಗಪ್ಪೆಗಳ ಜೊತೆ ಇಟ್ಟಿದ್ದರು. ಈಗ ಅದು ಮೈಕ್ರಿಕ್ಸಾಲಸ್ ಕುಲದಲ್ಲಿದೆ. ತೊರೆಯ ಬಂಡೆಯ ಮೇಲೆ ಕುಳಿತು ಹಿಂಗಾಲು ಚಾಚಿ ಬೀಸುವ, ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕುಣಿಯುವ ಕಪ್ಪೆಗಳ ಕುಲ ಅದು. ಎರಡೂ ಕುಲದ ಕಪ್ಪೆಗಳು ಚಿಕ್ಕವು, ಎರಡಕ್ಕೂ ಬೆರಳ ತುದಿಯಲ್ಲಿ ದುಂಡನೆಯ ಬಿಲ್ಲೆಗಳಿವೆ. ಸ್ಪಿರಿಟ್ಟಿನಲ್ಲಿ ಸೆಟೆದು ಮಲಗಿದ ಕಪ್ಪೆ ಕುಣಿದು ತೋರಿಸುವುದಿಲ್ಲ.

ಪ್ರಾಣಿಗೆ ಹೊಸ ಹೆಸರಿಡುವಾಗ ಆ ಹೆಸರನ್ನು ಒಂದು ನಿರ್ದಿಷ್ಟ ಮಾದರಿಗೆ ಕಟ್ಟುತ್ತಾರೆ. ಅದೇ ಹೋಲೋಟೈಪ್. ಮುಂದೆ ಯಾರಿಗೆ ಅನುಮಾನ ಬಂದರೂ ಆ ಮಾದರಿಯನ್ನೇ ಕೈಗೆತ್ತಿಕೊಂಡು ನೋಡಬೇಕು. ನಾನು ಹಿಡಿದ ತೊರೆಗಪ್ಪೆ ನಿಜಕ್ಕೂ ರಾವ್ ಅವರ ಕಪ್ಪೆಯೇ, ಅಥವಾ ಅದರ ಹೋಲಿಕೆಯ ಇನ್ನೊಂದೇ ಎಂಬ ಪ್ರಶ್ನೆ ಬಂದಾಗ ನಾನೂ ಹಾಗೆಯೇ ಹೊರಟೆ. ಹೊರಟ ಮೇಲೆ ತಿಳಿಯಿತು, ರಾವ್ ಅವರ ಮೂಲ ಮಾದರಿಗಳು ಈಗ ಇಲ್ಲ. ಕಳೆದುಹೋಗಿವೆ. ಇಂತಹ ನಷ್ಟ ಪಟ್ಟಿಯೊಂದರಲ್ಲಿ ಒಂದು ಸಾಲಾಗಿ ಕಾಣುತ್ತದೆ. ಆದರೆ ಆ ಸಾಲಿನಿಂದಾಗಿ ಹತ್ತಾರು ಜನರ ಎಷ್ಟೋ ವರ್ಷಗಳ ಕೆಲಸ ಹೆಚ್ಚಾಗಿದೆ. ಹೆಸರುಗಳಿವೆ, ಹೆಸರು ಹೊತ್ತ ದೇಹಗಳಿಲ್ಲ. ಕಾಡಿನಲ್ಲಿ ದೇಹಗಳಿವೆ, ಅವುಗಳಿಗೆ ಯಾವ ಹೆಸರು ಸಲ್ಲಬೇಕೆಂದು ಖಚಿತವಿಲ್ಲ.

ಉಳಿದದ್ದು ಬರವಣಿಗೆ. 1937ರ ಆ ಪ್ರಬಂಧವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಒಂದೊಂದು ಲಕ್ಷಣವನ್ನೂ ಬೇರೆ ಹಾಳೆಯಲ್ಲಿ ಬರೆದುಕೊಂಡು, ಎದುರಿಗೆ ನನ್ನ ಕಪ್ಪೆಯ ಲಕ್ಷಣ ಬರೆದೆ. ಹಳೆಯ ವರ್ಣನೆ ಓದುವುದಕ್ಕೆ ಬೇರೆಯದೇ ತಾಳ್ಮೆ ಬೇಕು. ಬೆರಳುಗಳ ನಡುವಿನ ಜಾಲಪೊರೆ ‘ಅರ್ಧ’ ಎಂದು ಬರೆದವರು ಅರ್ಧವನ್ನು ಎಲ್ಲಿಂದ ಎಲ್ಲಿಗೆ ಅಳೆದರು? ‘ಸಣ್ಣ ಬಿಲ್ಲೆ’ ಎಂದರೆ ಯಾವುದಕ್ಕಿಂತ ಸಣ್ಣದು? ಇದನ್ನು ತಿಳಿಯಲು ಅದೇ ಕಾಲದ, ಅದೇ ಬಗೆಯ ಕಪ್ಪೆಗಳನ್ನು ಸಂಗ್ರಹಾಲಯದಲ್ಲಿ ನೋಡದೆ ಬೇರೆ ದಾರಿಯಿಲ್ಲ. ಹಾಗೆ ಕೋಲ್ಕತ್ತಕ್ಕೆ ಹೋದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ 1916ರಲ್ಲಿ ನೆಲ್ಸನ್ ಅನ್ನಾಂಡೇಲ್ ಅವರ ನೇತೃತ್ವದಲ್ಲಿ ಆರಂಭವಾದದ್ದು ಅಲ್ಲಿ, ಇಂಡಿಯನ್ ಮ್ಯೂಸಿಯಂನ ಮಡಿಲಲ್ಲಿ.

ಸಂಗ್ರಹದ ಕೋಣೆಯಲ್ಲಿ ಕೆಲಸ ಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಸಮಯ ಉಳಿಯುತ್ತಿತ್ತು. ಹೋಗುವ ಮೊದಲೇ ನೋಡಬೇಕಾದ ಮಾದರಿಗಳ ನೋಂದಣಿ ಸಂಖ್ಯೆಗಳನ್ನು ಬರೆದು ಕಳುಹಿಸಬೇಕು. ‘ಮಲೆನಾಡಿನ ಕಪ್ಪೆಗಳನ್ನೆಲ್ಲ ತೋರಿಸಿ’ ಎಂದರೆ ಯಾರೂ ತೋರಿಸಲಾರರು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಜಾಡಿ. ಎರಡನೆಯದನ್ನು ತೆರೆದ ಕ್ಷಣದಿಂದ ಅದಲುಬದಲಾಗುವ ಅಪಾಯ ಶುರುವಾಗುತ್ತದೆ. ಕಪ್ಪೆಯನ್ನು ಚಿಮಟದಲ್ಲಿ ಕಾಲು ಹಿಡಿದು ಎತ್ತಬಾರದು, ನೂರು ವರ್ಷದ ಕೀಲು ತಾಳುವುದಿಲ್ಲ. ಸೊಂಟದ ಕೆಳಗೆ ಆಧಾರ ಕೊಟ್ಟು ತಟ್ಟೆಗೆ ಇಳಿಸಬೇಕು, ಒಣಗದಂತೆ ಆಗಾಗ ಸ್ಪಿರಿಟ್ ಹನಿಸುತ್ತಿರಬೇಕು. ಮೂತಿಯ ತುದಿಯಿಂದ ಗುದದ್ವಾರದವರೆಗಿನ ಉದ್ದವನ್ನು ನಾನು ಮೂರು ಸಲ ಅಳೆಯುತ್ತೇನೆ. ಮೂರೂ ಒಂದೇ ಬಂದರೆ ಅನುಮಾನಪಟ್ಟು ನಾಲ್ಕನೆಯ ಸಲ ಅಳೆಯುತ್ತೇನೆ, ಏಕೆಂದರೆ ಕೈ ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು ಕ್ಯಾಲಿಪರನ್ನು ಅಲ್ಲಿಗೇ ತಂದು ನಿಲ್ಲಿಸುತ್ತದೆ. ಸ್ಪಿರಿಟ್ಟಿನಲ್ಲಿ ದೇಹ ಕುಗ್ಗುತ್ತದೆ ಎಂಬುದನ್ನೂ ಮರೆಯಬಾರದು. ಕಾಡಿನಲ್ಲಿ ಅಳೆದ ಜೀವಂತ ಕಪ್ಪೆಯನ್ನೂ ಜಾಡಿಯ ಕಪ್ಪೆಯನ್ನೂ ಒಂದೇ ಸಾಲಿನಲ್ಲಿ ಬರೆದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ.

ಬಣ್ಣದ ವಿಷಯದಲ್ಲಂತೂ ಜಾಡಿಯನ್ನು ನಂಬಲೇಬಾರದು. ನಾನು ಮೊದಲು ನೋಡಿದ ಹಳೆಯ ಮರಗಪ್ಪೆ ಬೂದು ಬೆರೆತ ನೀಲಿಯಾಗಿತ್ತು. ಅದರ ಬಂಧುಗಳನ್ನು ನಾನು ಕಾಡಿನಲ್ಲಿ ಕಂಡಿದ್ದು ಎಲೆಹಸಿರಿನಲ್ಲಿ. ಕಪ್ಪೆಯ ಹಸಿರು ಒಂದೇ ಬಣ್ಣವಲ್ಲ. ಚರ್ಮದೊಳಗೆ ನೀಲಿಯಾಗಿ ಹೊಳೆಯುವ ಪದರದ ಮೇಲೆ ಹಳದಿಯ ಪದರವಿದ್ದು, ಎರಡೂ ಸೇರಿ ನಮ್ಮ ಕಣ್ಣಿಗೆ ಹಸಿರಾಗುತ್ತದೆ. ಸ್ಪಿರಿಟ್ ಹಳದಿಯನ್ನು ಕರಗಿಸಿಬಿಡುತ್ತದೆ, ನೀಲಿ ಉಳಿಯುತ್ತದೆ. ಕಾಡಿಗೆ ಹೋಗದೆ ಜಾಡಿಯನ್ನಷ್ಟೇ ನೋಡಿ ಬರೆದವರ ವರ್ಣನೆಯಲ್ಲಿ ಹಸಿರು ಕಪ್ಪೆ ನೀಲಿಯಾದರೆ ಆಶ್ಚರ್ಯವಿಲ್ಲ.

ಅಷ್ಟಾದರೂ ಜಾಡಿಯಲ್ಲಿ ಉಳಿಯುವುದು ಬೆರಗು ಹುಟ್ಟಿಸುವಷ್ಟಿದೆ. ಜಗತ್ತಿನ ನೂರಾರು ಕಪ್ಪೆ ಪ್ರಭೇದಗಳಿಗೆ ಕುತ್ತು ತಂದ ಕೈಟ್ರಿಡ್ ಶಿಲೀಂಧ್ರದ ಜಾಡು ಹಿಡಿದವರು ದಕ್ಷಿಣ ಆಫ್ರಿಕಾದ ಸಂಗ್ರಹಾಲಯಗಳಲ್ಲಿದ್ದ ಕ್ಸೆನೋಪಸ್ ಕಪ್ಪೆಗಳ ಚರ್ಮವನ್ನು ಪರೀಕ್ಷಿಸಿದರು. 1938ರ ಕಪ್ಪೆಯೊಂದರಲ್ಲಿ ಸೋಂಕು ಸಿಕ್ಕಿತು. ಹಿಡಿದವರಿಗೆ ಅಂತಹ ರೋಗವೊಂದಿದೆ ಎಂಬುದೇ ತಿಳಿದಿರಲಿಲ್ಲ. ಆದರೆ ವರ್ಷ ಬರೆದಿಟ್ಟಿದ್ದರು.

ಕೋಲ್ಕತ್ತದಿಂದ ಬಂದ ಮೇಲೆ ಹಳೆಯ ಚೀಟಿಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು. 19ನೇ ಶತಮಾನದ ಬ್ರಿಟಿಷ್ ಸಂಗ್ರಹಕಾರರ ಎಷ್ಟೋ ಚೀಟಿಗಳಲ್ಲಿ ಜಾಗದ ಹೆಸರು ‘ಮಲಬಾರ್’ ಎಂದಷ್ಟೇ ಇರುತ್ತದೆ. ಆಗ ಆ ಪದವನ್ನು ಪಶ್ಚಿಮ ಕರಾವಳಿಯ ಎಷ್ಟು ಉದ್ದಕ್ಕೆ ಬೇಕಾದರೂ ಬಳಸುತ್ತಿದ್ದರು. ಒಂದು ಕಣಿವೆಯ ಕಪ್ಪೆ ಪಕ್ಕದ ಕಣಿವೆಯಲ್ಲಿಲ್ಲದ ಈ ಘಟ್ಟದಲ್ಲಿ ‘ಮಲಬಾರ್’ ಎಂಬ ಚೀಟಿ ಹಿಡಿದು ಎಲ್ಲಿಗೆ ಹೋಗುವುದು? ನಾರಾಯಣ ರಾವ್ ಹಾಗೆ ಮಾಡಲಿಲ್ಲ. ಆಗಿನ ಕಡೂರು ಜಿಲ್ಲೆಯ ಕೊಟ್ಟಿಗೆಹಾರ ಎಂದು ಊರನ್ನೇ ಬರೆದರು, ಕಪ್ಪೆಯ ಹೆಸರಿನೊಳಗೂ ಊರನ್ನು ಇಟ್ಟರು. 1920ರಲ್ಲಿ ಕೊಡಗಿನ ಇನ್ನೊಂದು ಕಪ್ಪೆಗೆ ಅವರಿಟ್ಟ ಹೆಸರು ಸಾಂಕ್ಟಿಪಾಲುಸ್ಟ್ರಿಸ್. ಲ್ಯಾಟಿನ್ನಿನಲ್ಲಿ ಪವಿತ್ರವಾದ ಜವುಗು ಎಂಬ ಅರ್ಥ ಅದರಲ್ಲಿದೆ. ಕಾವೇರಿ ಹುಟ್ಟುವ ಸೀಮೆಯ ಜವುಗು ಅದು. ಆ ಇರುಳುಗಪ್ಪೆ 91 ವರ್ಷಗಳ ನಂತರ ಮತ್ತೆ ಸಿಕ್ಕಿದೆ ಎಂದು 2011ರಲ್ಲಿ ಕಪ್ಪೆ ವಿಜ್ಞಾನಿ ಎಸ್. ಡಿ. ಬಿಜು ಅವರ ತಂಡ ಪ್ರಕಟಿಸಿತು. 2014ರಲ್ಲಿ ಅದೇ ತಂಡ 14 ಹೊಸ ಕುಣಿಯುವ ಕಪ್ಪೆಗಳನ್ನು ವರ್ಣಿಸಿತು. ಯಾವುದು ಹೊಸದು ಎನ್ನಬೇಕಾದರೆ ಯಾವುದು ಹಳೆಯದು ಎಂದು ಮೊದಲು ಗೊತ್ತಾಗಬೇಕಲ್ಲ. ಮೂಲ ಮಾದರಿ ಇಲ್ಲದಿದ್ದಾಗ ಅದಕ್ಕಿರುವ ದಾರಿ ಒಂದೇ: ಮೊದಲ ಕಪ್ಪೆ ಸಿಕ್ಕ ಊರಿಗೇ ಮರಳಿ ಹೋಗಿ, ವರ್ಣನೆಗೆ ಹೊಂದುವ ಕಪ್ಪೆಯನ್ನು ಹುಡುಕುವುದು. ರಾವ್ ಅವರ ಜಾಡಿ ಹೋಗಿದ್ದರೂ ಊರು ಉಳಿದಿತ್ತು. ಕಪ್ಪೆ ಹೋದರೂ ಚೀಟಿ ಉಳಿಯಬೇಕು ಎಂದು ನಮ್ಮ ಸರ್ ಹೇಳಿದ್ದು ಇದನ್ನೇ.

ನನ್ನ ಅನುಮಾನ ಬಗೆಹರಿದದ್ದೂ ಹಾಗೆಯೇ. ಕೊಟ್ಟಿಗೆಹಾರದ ಸುತ್ತಲಿನ ಹಳ್ಳಗಳಲ್ಲಿ ಎರಡು ಮಳೆಗಾಲ ಕಳೆದೆ. ಈ ಸಲ ಹಿಡಿದದ್ದಕ್ಕಿಂತ ನೋಡಿದ್ದು ಹೆಚ್ಚು. ಹಗಲಿನಲ್ಲಿ ನೀರಿನ ಸದ್ದಿನ ಪಕ್ಕ ಒದ್ದೆ ಬಂಡೆಯ ಮೇಲೆ ಕುಳಿತ ಗಂಡು, ಎದುರು ಬಂಡೆಗೆ ಇನ್ನೊಂದು ಗಂಡು ಬಂದೊಡನೆ ಹಿಂಗಾಲನ್ನು ನಿಧಾನವಾಗಿ ಹಿಂದಕ್ಕೆ ಚಾಚಿ, ಬೆರಳುಗಳನ್ನು ಬಿಡಿಸಿ, ಜಾಲಪೊರೆ ಪೂರ್ತಿ ಹರಡಿ ತೋರಿಸಿ ಮಡಚಿಕೊಂಡಿತು. ಯಾವ ಜಾಡಿಯ ಮುಂದೆ ಕುಳಿತು ಜಾಲಪೊರೆ ಎಷ್ಟಿದೆ ಎಂದು ತಲೆ ಕೆಡಿಸಿಕೊಂಡಿದ್ದೆನೋ ಅದಕ್ಕೆ ಉತ್ತರ ಅಲ್ಲಿತ್ತು. ರಾವ್ ಅವರ ವರ್ಣನೆಯ ಹಾಳೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಅಲ್ಲಿಯೇ ಓದಿದೆ. ಹೊಂದಿತು.

ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಈಗ ನಾನು ಹೇಳುವುದು ಕೆಲವೇ ಮಾತು. ಪೆನ್ಸಿಲ್, ಇಲ್ಲವೇ ಸ್ಪಿರಿಟ್ಟಿಗೆ ಕರಗದ ಶಾಯಿ. ಚೀಟಿ ಜಾಡಿಯ ಒಳಗೂ ಇರಬೇಕು, ಹೊರಗೆ ಅಂಟಿಸಿದ್ದನ್ನು ಬೆಳ್ಳಿಮೀನು ಹುಳ ತಿನ್ನುತ್ತದೆ. ಡಿಎನ್‌ಎ ಪರೀಕ್ಷೆಗೆ ಸ್ನಾಯುವಿನ ಚೂರನ್ನು, ದೇಹ ಕೆಡದಂತೆ ಗಟ್ಟಿ ಮಾಡುವ ಫಾರ್ಮಲಿನ್ ದ್ರಾವಣ ತಾಗುವ ಮೊದಲೇ ಬೇರೆ ತೆಗೆದಿಡಬೇಕು. ಹಳೆಯ ಗುರುತಿನ ಚೀಟಿ ತಪ್ಪೆಂದು ಖಚಿತವಾಗಿದ್ದರೂ ಕಿತ್ತು ಬಿಸಾಡಬಾರದು, ಪಕ್ಕದಲ್ಲಿ ನಮ್ಮದನ್ನು ಹೆಸರು, ದಿನಾಂಕ ಸಮೇತ ಸೇರಿಸಬೇಕು. ಫೋಟೊ, ಕೂಗಿನ ಧ್ವನಿಮುದ್ರಣ ಸಾಕಾಗುವಲ್ಲಿ ಜೀವ ತೆಗೆಯುವ ಅಗತ್ಯವೇ ಇಲ್ಲ.

ಕಳೆದ ಮಳೆಗಾಲ ಒಂದು ರಾತ್ರಿ ಹೊಸ ಹಳ್ಳವೊಂದಕ್ಕೆ ಇಳಿದಿದ್ದೆವು. ಜೊತೆಗೆ ಬರುವ ತೋಟದ ಹಿರಿಯರೊಬ್ಬರು ಕಾಲಿನ ಇಂಬಳಗಳಿಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ತಲೆದೀಪದ ಬೆಳಕಿನಲ್ಲಿ ಚೀಟಿ ಬರೆಯುತ್ತ, “ಈ ಹಳ್ಳಕ್ಕೆ ಏನೆನ್ನುತ್ತೀರಿ ಅಣ್ಣ?” ಎಂದು ಕೇಳಿದೆ.

“ಹೆಸರೇನೂ ಇಲ್ಲ ಮೇಡಂ. ನಮ್ಮ ಮನೆಯವರು ಹಲಸಿನಮರದ ಹಳ್ಳ ಎನ್ನುತ್ತೇವೆ. ಮರ ಬಿದ್ದು ಬಹಳ ವರ್ಷವಾಯಿತು.”

ಅಕ್ಷಾಂಶ, ರೇಖಾಂಶ, ಎತ್ತರ, ಹೊತ್ತು, ಜಡಿಮಳೆ ಎಂದೆಲ್ಲ ಬರೆದಾಗಿತ್ತು. ಕೆಳಗೆ ಉಳಿದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ‘ಹಲಸಿನಮರದ ಹಳ್ಳ’ ಎಂದು ಬರೆದು, ಪೆನ್ಸಿಲ್ ಒತ್ತಿ ಇನ್ನೊಮ್ಮೆ ತಿದ್ದಿದೆ.